ಹಾಸಿಗೆ ಗಂಟೆಯ ಪೇಟೆಂಟಿನಲ್ಲಿ ಬಿಟ್ಟುಹೋದ ಹೆಸರು

ಪೇಟೆಂಟ್ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತೂಕದ ಯಂತ್ರಗಳನ್ನು ತಯಾರಿಸುವ, ರಿಪೇರಿ ಮಾಡುವ ಕಾರ್ಖಾನೆಯೊಂದರ ಯಜಮಾನಿ ನಾನು. ಹೈಸ್ಕೂಲಿನವರೆಗೆ ಓದಿದ್ದೇನೆ. ಮೂವತ್ತೆಂಟು ವರ್ಷಗಳಿಂದ ಕಾರ್ಖಾನೆಯ ಬೀಗದ ಕೈ ನನ್ನ ಹತ್ತಿರವೇ ಇದೆ. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು, ಹನ್ನೆರಡು ಜನ ಕೆಲಸಗಾರರು ನನಗೆ ಎದುರಾಡಿದ್ದು ಕಡಿಮೆ. ಆಡಿದವರು ಎರಡನೇ ಸಲ ಆಡಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದು ಬರೆಯಲು ಹೊರಟಿದ್ದೆ. ಜಂಬಕ್ಕೇ ಹೇಳುತ್ತಿದ್ದೇನೆ. ಆ ಜಂಬದಿಂದಲೇ ನಿಮಗೆ ಹೀಗೆ ಹತ್ತು ಜನ ಓದುವಂತೆ ಪತ್ರ ಬರೆಯುವ ಗತಿ ಬಂದಿದೆ.

ನನ್ನ ದೂರು ಇಷ್ಟು. ನಿಮ್ಮ ಕಚೇರಿ ಕೊಟ್ಟ ಒಂದು ಪೇಟೆಂಟನ್ನು ಹಿಡಿದುಕೊಂಡು, ಹುಟ್ಟಿದಾಗಿನಿಂದ ಒಂದು ಸ್ಕ್ರೂ ಕೂಡ ಬಿಗಿಯದ ಕಂಪನಿಯೊಂದು, ನಿಜವಾಗಿ ಯಂತ್ರ ಮಾಡುವ ಏಳು ಕಂಪನಿಗಳ ಮೇಲೆ ದಾವೆ ಹೂಡಿದೆ. ಏಳರಲ್ಲಿ ಒಂದು ನನ್ನ ನಾದಿನಿಯದು. ಪೇಟೆಂಟ್ ನನ್ನ ಗಂಡನ ಹೆಸರಿನದು. ಅದನ್ನು ಆ ಕಂಪನಿಗೆ ಮಾರಿದವಳು ನಾನು.

ಕೈ ಕೆಸರಾದರೆ ಬಾಯಿ ಮೊಸರು ಎಂದು ನಮಗೆ ಶಾಲೆಯಲ್ಲಿ ಕಲಿಸಿದ್ದರು. ಕೈ ಕೆಸರು ಮಾಡಿಕೊಂಡವರ ಬಾಯಿಂದ ಮೊಸರು ಕಿತ್ತುಕೊಳ್ಳುವುದಕ್ಕೂ ಒಂದು ಕಾನೂನುಬದ್ಧ ವ್ಯಾಪಾರವಿದೆ, ಅದಕ್ಕೆ ನಿಮ್ಮ ಮುದ್ರೆಯೇ ಬಂಡವಾಳ ಎನ್ನುವುದನ್ನು ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಪೇಟೆಂಟಿನಲ್ಲಿ ಏನು ಬರೆದಿದೆ ಎಂದು ಒಮ್ಮೆ ತೆಗೆದು ನೋಡಿ. “ವ್ಯಕ್ತಿ ಅಥವಾ ವಸ್ತುವಿನ ಭಾರದಲ್ಲಿ ಆಗುವ ಬದಲಾವಣೆಯನ್ನು ಗ್ರಹಿಸಿ, ದೂರದಲ್ಲಿರುವ ಸಾಧನಕ್ಕೆ ತಿಳಿಸುವ ಯಾವುದೇ ವಿಧಾನ.” ನಾವು ಮಾಡಿದ್ದು ಒಂದು ಮಂಚ, ಒಂದು ಗಂಟೆ, ನಡುವೆ ನಲವತ್ತು ಅಡಿ ತಂತಿ. ಅದನ್ನು “ಯಾವುದೇ ವಿಧಾನ” ಮಾಡಿಕೊಟ್ಟವರು ಅರ್ಜಿ ಬರೆಯುವ ಏಜೆಂಟರು. ಹೌದೆಂದು ಒಪ್ಪಿ ಮುದ್ರೆ ಒತ್ತಿದವರು ನೀವು. ಈಗ ಅಂಗಡಿಯ ಕಪಾಟು ಖಾಲಿಯಾದರೆ ಫೋನಿಗೆ ತಿಳಿಸುವ ಯಂತ್ರ ಮಾಡಿದವರ ಮೇಲೂ ಕೇಸು, ತೊಟ್ಟಿಲಲ್ಲಿ ಮಗು ಎದ್ದು ಕೂತರೆ ತಾಯಿಗೆ ತಿಳಿಸುವ ಯಂತ್ರ ಮಾಡಿದವರ ಮೇಲೂ ಕೇಸು. ನಾನು ಈ ಕುರ್ಚಿಯಿಂದ ಎದ್ದು ಮಗನಿಗೆ ಫೋನ್ ಮಾಡಿ “ಎದ್ದೆ ಕಣೋ” ಅಂದರೆ ಅದೂ ಉಲ್ಲಂಘನೆಯೇ? ಪರಿಶೀಲನೆಗೆ ನೀವು ನಾಲ್ಕು ವರ್ಷ ತೆಗೆದುಕೊಂಡಿರಿ. ಅಷ್ಟು ದಿನ ಏನನ್ನು ಪರಿಶೀಲಿಸಿದಿರಿ, ಕಾಗದದ ದಪ್ಪವನ್ನೇ?

ನಿಮ್ಮನ್ನು ಬೈಯುವುದು ಸುಲಭ. ಹನ್ನೆರಡು ವರ್ಷ ನಮ್ಮ ಮನೆಯಲ್ಲಿ ಎಲ್ಲರೂ ನಿಮ್ಮನ್ನು ಬೈದಿದ್ದಾರೆ. ಅದಕ್ಕೆ ಕಾರಣ ನಾನು. ಅದನ್ನೀಗ ಬರೆಯುತ್ತೇನೆ.

ಹದಿನೇಳು ವರ್ಷದ ಹಿಂದೆ ನಮ್ಮ ಅತ್ತೆಗೆ ಸೊಂಟದ ಮೂಳೆ ಮುರಿದಿತ್ತು. ಎದ್ದು ಓಡಾಡಬಾರದು ಎಂದು ಡಾಕ್ಟರು ಹೇಳಿದ್ದರೂ, ನಾವೆಲ್ಲ ಹಿತ್ತಿಲಾಚೆಯ ಕಾರ್ಖಾನೆಗೆ ಹೋದ ತಕ್ಷಣ ಅವರು ಎದ್ದೇ ಏಳುತ್ತಿದ್ದರು. ಎರಡು ಸಲ ಬಿದ್ದರು. ಆಗ ನನ್ನ ಗಂಡನ ತಂಗಿ ಒಂದು ಕೆಲಸ ಮಾಡಿದಳು. ಕೆಟ್ಟ ತೂಕದ ಯಂತ್ರವೊಂದನ್ನು ಬಿಚ್ಚಿ, ಭಾರವನ್ನು ಕರೆಂಟಿನ ಸಂಕೇತವಾಗಿ ಮಾಡುವ ಲೋಹದ ತುಂಡನ್ನು ತೆಗೆದು ಮಂಚದ ಕಾಲಿನ ಕೆಳಗಿಟ್ಟಳು. ತಂತಿ ಎಳೆದು ಕಾರ್ಖಾನೆಯ ಗೋಡೆಯ ಗಂಟೆಗೆ ಸೇರಿಸಿದಳು. ಅತ್ತೆ ಹಾಸಿಗೆ ಬಿಟ್ಟು ಎದ್ದರೆ ಇಲ್ಲಿ ಗಂಟೆ. ಅತ್ತೆಗೆ ಮೈಯೆಲ್ಲ ಉರಿದುಹೋಯಿತು. “ಮಗಳೇ ಅಮ್ಮನ ಮೇಲೆ ಪೊಲೀಸು ಕಾವಲು ಹಾಕಿದ್ದಾಳೆ ನೋಡಿ” ಎಂದು ಬಂದವರಿಗೆಲ್ಲ ಹೇಳಿದರು. ಮಗ್ಗುಲು ಹೊರಳಿದರೂ ಗಂಟೆ ಹೊಡೆಯುತ್ತಿತ್ತು. ಅದನ್ನು ಸರಿಮಾಡಿದವರು ನನ್ನ ಗಂಡ. ಮೂರು ತಿಂಗಳು ಕೂತು, ಹೊರಳುವುದು ಬೇರೆ, ಏಳುವುದು ಬೇರೆ ಎಂದು ಯಂತ್ರಕ್ಕೆ ತಿಳಿಯುವ ಹಾಗೆ ಮಾಡಿದರು.

ನಮ್ಮ ಕಾರ್ಖಾನೆಯಲ್ಲಿ ಮಾವನ ಕಾಲದಿಂದ ಒಂದು ಕಟ್ಟಳೆ ಇದೆ. ಕೆಲಸದ ಪುಸ್ತಕದಲ್ಲಿ ಯಂತ್ರ ಬಿಚ್ಚಿದವರದು ಒಂದು ಸಹಿ, ಮುಚ್ಚಿದವರದು ಇನ್ನೊಂದು. ಎರಡೂ ಇಲ್ಲದೆ ಯಾವುದೂ ಬಾಗಿಲು ದಾಟುವಂತಿಲ್ಲ. ಇದನ್ನು ಕಾಯುವವಳು ನಾನು. ಒಂದು ಸಹಿ ಇಲ್ಲವೆಂದು ಗಿರಾಕಿಯನ್ನು ಮಧ್ಯಾಹ್ನವಿಡೀ ಕೂರಿಸಿದ್ದೇನೆ. ಹಾಸಿಗೆ ಗಂಟೆಯ ಪುಟದಲ್ಲೂ ಎರಡು ಸಹಿಗಳಿವೆ. ಬಿಚ್ಚಿದವಳು ತಂಗಿ, ಮುಚ್ಚಿದವರು ಅಣ್ಣ.

ಪೇಟೆಂಟಿಗೆ ಅರ್ಜಿ ಹಾಕೋಣ ಎಂದಾಯಿತು. ಅದೇ ವಾರ ನಾದಿನಿ ನನ್ನ ಮುಂದೆ ಬಂದು ನಿಂತಳು.

“ಅತ್ತಿಗೆ, ಬೇರೆ ಶೆಡ್ ನೋಡಿದೀನಿ. ಮುಂದಿನ ತಿಂಗಳಿಂದ ನನ್ನ ಕೆಲಸ ಅಲ್ಲೇ.”

“ಇಲ್ಲಿ ನಿಂಗೇನು ಕಡಿಮೆಯಾಗಿದೆ?”

“ಕಡಿಮೆ ಏನೂ ಆಗಿಲ್ಲ. ನೀವೇ ಸ್ವಲ್ಪ ಜಾಸ್ತಿ ಆಗಿದೀರಿ.”

ಬೆಂಚಿನ ಹತ್ತಿರ ಇದ್ದವರೆಲ್ಲ ನಕ್ಕರು. ನನ್ನ ಗಂಡನೂ ನಕ್ಕರು. ನಾನು ನಗಲಿಲ್ಲ.

ಗಂಡನ ಅಕ್ಷರ ಕೋಳಿ ಕೆದಕಿದ ಹಾಗೆ ಇರುತ್ತಿದ್ದುದರಿಂದ ಏಜೆಂಟರು ಕೊಟ್ಟ ಅರ್ಜಿಯ ನಮೂನೆಯನ್ನು ಚೆನ್ನಾಗಿ ತುಂಬಿಕೊಡುವ ಕೆಲಸ ನನ್ನದಾಗಿತ್ತು. ಆವಿಷ್ಕಾರ ಮಾಡಿದವರ ಹೆಸರು ಎಂಬ ಜಾಗದಲ್ಲಿ ಒಂದೇ ಹೆಸರು ಬರೆದೆ. ಮನೆ ಬಿಟ್ಟು ಹೋಗುವವಳಿಗೆ ಮನೆಯ ಮರ್ಯಾದೆಯಲ್ಲಿ ಪಾಲು ಯಾಕೆ ಎಂದುಕೊಂಡೆ.

“ತಂಗಿ ಹೆಸರು ಬರೆದ್ಯಾ?” ಎಂದರು ಅವರು.

“ಬರೆದೆ, ಬರೆದೆ. ಸಹಿ ಹಾಕಿ.”

“ಅವಳ ಸಹಿ?”

“ಅದನ್ನ ಆಮೇಲೆ ತಗೋತಾರಂತೆ.”

ಓದದೆ ಸಹಿ ಹಾಕಿದರು. ನಾನು ಬರೆದದ್ದನ್ನು ಅವರು ಎಂದೂ ಓದಿ ನೋಡಿದವರಲ್ಲ.

ನಾಲ್ಕು ವರ್ಷದ ಮೇಲೆ ನಿಮ್ಮ ಪ್ರಮಾಣಪತ್ರ ಬಂತು. “ಇದೇನೇ ಇದು, ನನ್ನದೊಂದೇ ಹೆಸರು?” ಎಂದು ಕೇಳಿದರು. “ಸರ್ಕಾರಿ ಕಚೇರಿ. ಒಂದಾದರೂ ಸರಿಯಾಗಿ ಅಚ್ಚಾಗಿದ್ದೇ ಪುಣ್ಯ” ಎಂದೆ. ನಂಬಿದರು. ಆ ದಿನವೇ ಕೂತು, ನನ್ನನ್ನು ಕೇಳದೆ, ತಮ್ಮ ಕೋಳಿ ಅಕ್ಷರದಲ್ಲೇ ನಿಮಗೊಂದು ಪತ್ರ ಬರೆದು, ಲಕೋಟೆ ಅಂಟಿಸಿ, ಅಂಚೆಗೆ ಹಾಕಲು ನನ್ನ ಕೈಗೇ ಕೊಟ್ಟರು. ನಾನು ಹಾಕಲಿಲ್ಲ. ಸುಡಲೂ ಇಲ್ಲ, ಯಾಕೆ ಸುಡಲಿಲ್ಲವೋ ಈಗಲೂ ಗೊತ್ತಿಲ್ಲ. ಪ್ರತಿ ತಿಂಗಳು ಕೇಳುತ್ತಿದ್ದರು. “ಉತ್ತರ ಬಂತಾ?” “ಇಲ್ಲ.” “ಎಂಥಾ ಜನ ಇವರು!” ಇಲ್ಲಿ ನಾನು ನಿಮಗೆ ಕೃತಜ್ಞತೆ ಹೇಳಬೇಕು. ಉತ್ತರ ಕೊಡದೇ ಇರುವುದರಲ್ಲಿ ನಿಮ್ಮ ಕಚೇರಿ ಅದೆಷ್ಟು ಹೆಸರುವಾಸಿ ಎಂದರೆ, ಆರು ವರ್ಷ ಆ ಮನುಷ್ಯನಿಗೆ ನನ್ನ ಮೇಲೆ ಒಂದು ಎಳೆ ಅನುಮಾನವೂ ಬರಲಿಲ್ಲ. ಕುಂಬಳಕಾಯಿ ಕಳ್ಳಿ ಹೆಗಲು ಮುಟ್ಟಿ ನೋಡಿಕೊಳ್ಳುವ ಪ್ರಸಂಗವೇ ಬರಲಿಲ್ಲ. ಸುಳ್ಳು ಹೇಳುವವರಿಗೆ ನಿಮ್ಮಂಥ ಆಸರೆ ಸಿಗುವುದು ಕಷ್ಟ.

ಅವರು ತಂಗಿಯ ಶೆಡ್ಡಿಗೆ ಹೋಗಿ, ಕಚೇರಿಯವರ ತಪ್ಪು ಎಂದು ಹೇಳಿಬಂದರು. ಅವಳು ನಂಬಲಿಲ್ಲ. “ಅಣ್ಣ, ಕಚೇರಿ ಮೇಲೆ ಯಾಕೆ ಹಾಕ್ತೀಯ? ನಿನಗೆ ಬೇಡ ಅನ್ನಿಸ್ತು, ಬೇಡ ಅಂತ ಹೇಳು, ಮುಗೀತು” ಎಂದಳಂತೆ. ಆಮೇಲೆ ಅವರಿಬ್ಬರೂ ಅಂಗಡಿಯವನೂ ಗಿರಾಕಿಯೂ ಮಾತಾಡುವ ಹಾಗೆ ಮಾತಾಡಿದರು. ಆರು ವರ್ಷದ ಹಿಂದೆ ಅವರು ತೀರಿಕೊಂಡಾಗ ಅವಳು ಬಂದು ಬಾಗಿಲಲ್ಲಿ ನಿಂತು ಹೋದಳು. ಒಬ್ಬರು ನಿಮ್ಮನ್ನು ಬೈದುಕೊಂಡು ಸತ್ತರು, ಇನ್ನೊಬ್ಬಳು ಸತ್ತವರನ್ನು ಬೈದುಕೊಂಡು ಬದುಕಿದಳು. ನಡುವೆ ನಾನು ಊಟ ಬಡಿಸಿಕೊಂಡು ಓಡಾಡಿದೆ.

ಎರಡು ವರ್ಷದ ಹಿಂದೆ ಒಬ್ಬ ಬಂದ. ಮಾತೆಲ್ಲ ಬೆಣ್ಣೆ, ನನ್ನ ಕಿರಿಯ ಮಗ ಅವನಿಗೆ ಬೆಣ್ಣೆ ಎಂದೇ ಹೆಸರಿಟ್ಟ. “ಅಮ್ಮ, ನಿಮ್ಮ ಯಜಮಾನರಂಥ ಬುದ್ಧಿವಂತರ ಹೆಸರು ಹೀಗೆ ಗೋಡೆ ಮೇಲೆ ಧೂಳು ತಿನ್ನಬಾರದು. ಕಂಡಕಂಡವರು ಅವರ ಐಡಿಯಾ ಕದೀತಿದಾರೆ. ನಾವು ಕಾಪಾಡ್ತೀವಿ” ಎಂದ. ದುಡ್ಡಿನಾಸೆಗೆ ಮಾರಿದಳು ಎಂದು ಊರವರು ಅಂದುಕೊಂಡರೆ ನನಗೆ ಬೇಸರವಿಲ್ಲ. ನಾನು ಬಿದ್ದದ್ದು ಹೊಗಳಿಕೆಗೆ. ಇದು ನನ್ನ ಗಂಡ ಒಬ್ಬರದೇ ಆವಿಷ್ಕಾರ ಎಂದು ಒಪ್ಪಂದದಲ್ಲಿ ಮತ್ತೊಮ್ಮೆ ಬರೆದುಕೊಟ್ಟು, ಅದರ ಕೆಳಗೆ ನನ್ನ ಸಹಿ ಹಾಕಿದೆ.

ಎರಡು ತಿಂಗಳ ಹಿಂದೆ ನಾದಿನಿ ನಮ್ಮ ಮನೆಗೆ ಬಂದಳು. ಅವಳ ಶೆಡ್ಡಿನಲ್ಲಿ ಈಗ ಹನ್ನೊಂದು ಜನ ಕೆಲಸ ಮಾಡುತ್ತಾರೆ. ಆಸ್ಪತ್ರೆಯ ಹಾಸಿಗೆಯಡಿ ಹಾಕುವ ತೆಳುವಾದ ಪಟ್ಟಿ ಅವರದು. ರೋಗಿ ಎದ್ದರೆ ನರ್ಸಿನ ಫೋನಿಗೆ ತಿಳಿಯುತ್ತದೆ. ತಂತಿಯಿಲ್ಲ, ಗಂಟೆಯಿಲ್ಲ. ಅವಳು ಕೂರಲಿಲ್ಲ.

“ಜಗಳಕ್ಕೆ ಬಂದಿಲ್ಲ ಅತ್ತಿಗೆ. ಕೇಸ್ ಮುಗಿಯೋವರೆಗೂ ತಗೊಳ್ಳಲ್ಲ ಅಂತ ಎರಡು ಆಸ್ಪತ್ರೆಯವರೂ ಹೇಳಿಬಿಟ್ರು. ಮೂರು ತಿಂಗಳಲ್ಲಿ ಬಾಗಿಲು ಹಾಕ್ತೀನಿ. ನೀವು ಬೇರೆಯವರ ಬಾಯಿಂದ ಕೇಳಬಾರದು ಅಂತ ಬಂದೆ.”

“ನನಗೆ ಗೊತ್ತಿರಲಿಲ್ಲ ಕಣೆ, ನಿನ್ನ ಮೇಲೆ ಹಾಕ್ತಾರೆ ಅಂತ.”

“ನೋಟಿಸಲ್ಲಿ ಅಣ್ಣನ ಹೆಸರಿದೆ. ಓದ್ತಾ ಇದ್ರೆ ಅಣ್ಣನೇ ನನ್ನ ಮೇಲೆ ಕೇಸ್ ಹಾಕಿದ ಹಾಗಿದೆ. ಬದುಕಿದ್ದಾಗ ಬಿಟ್ಟಿದ್ದ, ಸತ್ತ ಮೇಲೆ ಬಿಡಲಿಲ್ಲ ನೋಡಿ.”

ನಾನು ಆಗಲೇ ಹೇಳಬೇಕಿತ್ತು. ಅವಳು ಮೆಟ್ಟಿಲಿಳಿದು ಹೋಗಲು ಬಿಟ್ಟೆ. ಸೊಸೆಯಂದಿರು ನೋಡುತ್ತಿದ್ದರು.

ಮಾರನೆಯ ದಿನ ಬೆಣ್ಣೆಯ ಕಂಪನಿಯನ್ನು ಹುಡುಕಿಕೊಂಡು ಹೋದೆ. ಮೂರನೇ ಮಹಡಿ. ಒಂದೇ ಬಾಗಿಲಿಗೆ ಎಂಟು ಕಂಪನಿಗಳ ಹೆಸರು. ಒಳಗೆ ಎರಡು ಮೇಜು, ಒಂದು ಪ್ರಿಂಟರು, ಪ್ಲಾಸ್ಟಿಕ್ ಗಿಡ. ಎಣ್ಣೆ ವಾಸನೆಯಿಲ್ಲ, ಕಬ್ಬಿಣದ ಸದ್ದಿಲ್ಲ. ಮುಂದೆ ಕೂತಿದ್ದ ಹೆಣ್ಣುಮಗಳನ್ನು ಕೇಳಿದೆ.

“ಇಲ್ಲಿ ಏನು ತಯಾರು ಮಾಡ್ತೀರಮ್ಮ?”

ಪಾಪ, ಯೋಚಿಸಿ ಹೇಳಿದಳು: “ನಾನು ಟೀ ಮಾಡ್ತೀನಿ ಆಂಟಿ. ಬೇರೆಯವರು ಏನು ಮಾಡ್ತಾರೋ ಗೊತ್ತಿಲ್ಲ.”

ಬೆಣ್ಣೆ ಬಂದ. ನಮ್ಮ ಯಜಮಾನರ ತಂಗಿಯ ಮೇಲಿನ ದಾವೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದೆ. ಅವನು ಪೇಟೆಂಟಿನ ಪ್ರತಿಯನ್ನು ನನ್ನ ಮುಂದೆ ಸರಿಸಿ, ಬಹಳ ಮರ್ಯಾದೆಯಿಂದ ಹೇಳಿದ: “ತಂಗಿ ಅಂತ ಇದರಲ್ಲಿ ಎಲ್ಲಿದೆ ತೋರಿಸಿ ಅಮ್ಮ.”

ಅಲ್ಲಿ ಇರಬೇಕಾದ ಹೆಸರನ್ನು ತೆಗೆದವಳು ನಾನೇ ಆಗಿರುವಾಗ ತೋರಿಸುವುದು ಏನನ್ನು?

ಮಾನ್ಯರೇ, ನನ್ನ ತಪ್ಪನ್ನು ನಿಮ್ಮ ತಲೆಗೆ ಕಟ್ಟಲು ಇಷ್ಟೆಲ್ಲ ಬರೆಯುತ್ತಿಲ್ಲ. ಆದರೆ ನನ್ನ ಹೊಟ್ಟೆಕಿಚ್ಚಿನ ಒಂದು ಸುಳ್ಳು ಹನ್ನೆರಡು ವರ್ಷ ನಿಮ್ಮ ಮುದ್ರೆಯಡಿ ಸುಖವಾಗಿ ಬಾಳಿತಲ್ಲ, ಅದು ಹೇಗೆ? ಒಬ್ಬರಾದರೂ ನಮ್ಮ ಕಾರ್ಖಾನೆಗೆ ಬಂದು, ಈ ಕೆಲಸಕ್ಕೆ ಇನ್ನು ಯಾರು ಕೈ ಹಾಕಿದರು ಎಂದು ಕೇಳಿದ್ದರೆ, ಬೆಂಚಿನ ಹತ್ತಿರ ಇದ್ದ ಯಾರಾದರೂ ಅವಳ ಹೆಸರು ಹೇಳುತ್ತಿದ್ದರು. ನಾನು ಕೇಳುವುದು ಹೆಚ್ಚೇನಲ್ಲ. ಒಂದು ಪೇಟೆಂಟನ್ನು ಹಿಡಿದು ಇನ್ನೊಬ್ಬರ ಬಾಗಿಲು ಮುಚ್ಚಿಸಲು ಹೊರಟವರು, ತಾವು ಅದರಿಂದ ಏನು ಮಾಡಿದ್ದೇವೆ ಎಂಬುದನ್ನು ಮೊದಲು ಮೇಜಿನ ಮೇಲಿಟ್ಟು ತೋರಿಸಲಿ. ಇಡಲು ಏನೂ ಇಲ್ಲದವರು ದಾವೆ ಹೂಡುವುದನ್ನು ನಿಲ್ಲಿಸಲು ಕಾನೂನು ಮಾಡುವವರಿಗೆ ನೀವು ಬರೆಯಿರಿ. “ಯಾವುದೇ ವಿಧಾನ” ಎಂದು ಬರೆದ ಅರ್ಜಿ ಬಂದರೆ, ನೀವು ಮಾಡಿದ್ದು ಯಾವುದು ಎಂದು ಕೇಳಿ ಹಿಂದಕ್ಕೆ ಕಳಿಸಿರಿ. ಮತ್ತು ನಮ್ಮ ಪೇಟೆಂಟಿನಲ್ಲಿ ನನ್ನ ನಾದಿನಿಯ ಹೆಸರನ್ನು ಸೇರಿಸಿರಿ. ಹಾಗೆ ಸೇರಿದರೆ ಅವಳ ಮೇಲಿನ ದಾವೆ ಬಿದ್ದುಹೋಗುತ್ತದೆ, ಸುಳ್ಳು ಅರ್ಜಿ ಎಂದು ಪೇಟೆಂಟೇ ರದ್ದಾದರೂ ಆಗಬಹುದು ಎನ್ನುತ್ತಾರೆ ವಕೀಲರು. ಆಗಲಿ.

ಹಿರಿಯ ಮಗ ಮೂರು ದಿನ ವಾದ ಮಾಡಿದ. “ಅಮ್ಮ, ಅಪ್ಪನ ಹೆಸರೂ ಹೋಗುತ್ತೆ. ಒಪ್ಪಂದದಲ್ಲಿ ಸುಳ್ಳು ಬರೆದೆ ಅಂತ ನಿನ್ನ ಮೇಲೂ ಕೇಸ್ ಹಾಕ್ತಾರೆ.”

“ನಿಮ್ಮಪ್ಪನ ಹೆಸರನ್ನ ಅವರ ತಂಗಿ ಹತ್ರ ನಾನು ಕೆಡಿಸಿ ಹನ್ನೆರಡು ವರ್ಷ ಆಯ್ತು. ಇನ್ನು ಹೋಗೋದೇನಿದೆ?”

ಕಳೆದ ಸೋಮವಾರ ನ್ಯಾಯಾಲಯಕ್ಕೆ ಹೋಗಿ ಪ್ರಮಾಣ ಮಾಡಿ ಹೇಳಿಕೆ ಕೊಟ್ಟೆ. ಕೆಲಸದ ಪುಸ್ತಕವನ್ನೂ ಒಡೆಯದ ಆ ಲಕೋಟೆಯನ್ನೂ ಒಪ್ಪಿಸಿದೆ. ಅದನ್ನು ಅಲ್ಲೇ ಒಡೆದು, ಗುಮಾಸ್ತರು ಕೋಳಿ ಅಕ್ಷರದ ಮೇಲೆ ಎಡವುತ್ತಾ ಗಟ್ಟಿಯಾಗಿ ಓದಿದರು. “ನನ್ನ ತಂಗಿಯ ಹೆಸರು ಬಿಟ್ಟುಹೋಗಿದೆ. ಯೋಚನೆ ಅವಳದು, ತಿದ್ದುಪಡಿ ಮಾತ್ರ ನನ್ನದು. ದಯವಿಟ್ಟು ಅವಳ ಹೆಸರನ್ನು ನನ್ನ ಹೆಸರಿಗಿಂತ ಮೇಲೆ ಹಾಕಬೇಕು.” ಎರಡನೇ ಸಾಲಿನ ಕುರ್ಚಿಯಲ್ಲಿ ನಾದಿನಿ ಕೂತಿದ್ದಳು. ಇನ್ನೊಂದು ಸಲ ಓದಿ ಎಂದು ಕೇಳಿದಳು. ಅವರು ಓದಿದರು. ಆಮೇಲೆ ಕಂಪನಿಯ ವಕೀಲರು ನನ್ನತ್ತ ತಿರುಗಿ, ಆ ಹೆಸರನ್ನು ಬೇಕೆಂದೇ ಬಿಟ್ಟಿರೋ ಮರೆತು ಬಿಟ್ಟಿರೋ ಎಂದು ಕೇಳಿದರು. ಅವಳಿಗೆ ಕೇಳುವ ಹಾಗೆ, ಬೇಕೆಂದೇ ಬಿಟ್ಟೆ ಎಂದು ಹೇಳಿ, ಕೆಳಗೆ ಸಹಿ ಹಾಕಿ ಬಂದಿದ್ದೇನೆ.

ಇಂತಿ,
ಹನ್ನೆರಡು ವರ್ಷ ನಿಮ್ಮ ಕಚೇರಿಯ ಮೇಲೆ ಅಪವಾದ ಹೊರಿಸಿ, ಅದರ ನೆರಳಲ್ಲಿ ತಲೆಯೆತ್ತಿ ನಡೆದ,
ತೂಕದ ಯಂತ್ರದ ಕಾರ್ಖಾನೆಯ ಯಜಮಾನಿ