ಮೂವತ್ತೆರಡು ಟೋಪಿ

ಬೇಗೂರು
4-11-2025, ಮಂಗಳವಾರ

ಪ್ರೀತಿಯ ಮಗಳು ರಂಜಿನಿಗೆ,

ಸೊಸೆ ಎಂದು ಬರೆಯಲು ಹೋಗಿ ಕೈ ಮಗಳು ಎಂದು ಬರೆಯಿತು, ಇರಲಿ ಬಿಡು. ಮೊದಲು ನಿನ್ನ ಕಾಲಿನ ಸಂಗತಿ ತಿಳಿಸು. ಬೂಟು ಕಚ್ಚಿದ ಗಾಯ ಒಣಗಿತೆ? ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿ ಹತ್ತಿ ಬಟ್ಟೆ ಸುತ್ತಿಕೊ, ಗಾಯದ ಮೇಲೆಯೇ ಮತ್ತೆ ಬೂಟು ತುರುಕಬೇಡ. ಕಲಬುರಗಿಯ ಜೋಳದ ರೊಟ್ಟಿ ಈಗಲಾದರೂ ಹೊಟ್ಟೆಗೆ ಹಿಡಿಯಿತೋ, ಇಲ್ಲ ಇನ್ನೂ ಮುದ್ದೆಯನ್ನೇ ಕನವರಿಸುತ್ತಿದ್ದೀಯೋ? ಇಲ್ಲಿ ಎಲ್ಲರೂ ಗಟ್ಟಿಯಾಗಿದ್ದೇವೆ. ನಿನ್ನ ಮಾವನ ಮಂಡಿ ನೋವು ಮೊದಲಿನಂತೆಯೇ ಇದೆ, ಕೆಲಸ ಹೇಳಿದಾಗ ಜಾಸ್ತಿ, ಟೀ ಅಂಗಡಿಗೆ ಹೋಗುವಾಗ ಕಡಿಮೆ. ನಿನ್ನ ಗಂಡ ಶಿವಮಲ್ಲು ವಾರಕ್ಕೆ ನಾಲ್ಕು ದಿನ ಗುಂಡ್ಲುಪೇಟೆ ಮಾರ್ಕೆಟ್ಟಿನಿಂದ ಕೇರಳಕ್ಕೆ ಗಾಡಿಯಲ್ಲಿ ತರಕಾರಿ ಹೊಡೆಯುತ್ತಾನೆ. ನಿನ್ನ ಮಗಳು ಪುಟ್ಟಿಯ ಮುಂದಿನ ಹಲ್ಲು ಎರಡು ಬಿದ್ದಿವೆ, ನಕ್ಕರೆ ನಿನ್ನ ಮಾವನ ಥರವೇ ಕಾಣುತ್ತಾಳೆ.

ಭಾನುವಾರ ಫೋನಿನಲ್ಲಿ ನೀನು ಅತ್ತುಕೊಂಡು ಹೇಳಿದ ಮಾತು ನನ್ನ ಎದೆಯಲ್ಲೇ ಕೂತಿದೆ. ಟ್ರೈನಿಂಗು ಸಾಕು, ಪೆಟ್ಟಿಗೆ ಕಟ್ಟಿ ಹದಿಮೂರನೇ ತಾರೀಖಿಗೆ ಬಂದುಬಿಡುತ್ತೇನೆ, ಮಗಳ ಹುಟ್ಟಿದ ದಿನಕ್ಕೂ ಇಲ್ಲದ ಮೇಲೆ ನಾನೆಂಥ ಅವ್ವ ಎಂದೆ. ಅಷ್ಟರಲ್ಲಿ ಲೈನ್ ಕಟ್ಟಾಯಿತಲ್ಲ, ಅದು ಸಿಗ್ನಲ್ ಹೋಗಿದ್ದಲ್ಲ ಕಣವ್ವ, ನಾನೇ ಒತ್ತಿದ್ದು. ನಿಮಗೆ ಫೋನ್ ಕೊಡುವುದು ಭಾನುವಾರ ನಾಲ್ಕರಿಂದ ಐದು, ಅದರಲ್ಲಿ ನಿನ್ನ ಪಾಲಿಗೆ ಬರುವುದು ಹತ್ತು ನಿಮಿಷ, ನಾನು ಹೇಳಬೇಕಾದದ್ದು ಅಷ್ಟರಲ್ಲಿ ಮುಗಿಯುವ ಮಾತಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಹದಿನಾರು ವರ್ಷ ಶಾಲೆಯಲ್ಲಿ ಬಿಸಿಯೂಟ ಬೇಯಿಸಿ, ಅಕ್ಕಿ ಬೇಳೆಯ ರಿಜಿಸ್ಟರ್ ಬರೆದ ಕೈ ಇದು. ಅಕ್ಷರ ನೋಡಿ ನಗಬೇಡ. ನಿನ್ನ ಮಾತಿಗೆ ಉತ್ತರ ಕಾಗದದ ಕೊನೆಯಲ್ಲಿ ಬರುತ್ತದೆ. ಅದಕ್ಕೆ ಮುಂಚೆ ಇಲ್ಲಿ ನಡೆದದ್ದೆಲ್ಲ ನಿನಗೆ ಗೊತ್ತಾಗಬೇಕು.

ಈ ಸಲ ಕ್ಲಾಸಿಗೆಲ್ಲ ಪಾರ್ಟಿ ಎಂದು ಹೋದ ವರ್ಷವೇ ಪುಟ್ಟಿಗೆ ಮಾತು ಕೊಟ್ಟವಳು ನೀನು. ಅವಳು ಮರೆತಾಳು ಎಂದು ನಾನು ಕಾಯುತ್ತಿದ್ದೆ. ದಸರಾ ರಜೆ ಮುಗಿದದ್ದೇ ತಡ, ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ತಂದು ಅದರ ಹಿಂಬದಿಯಲ್ಲಿ ಪಟ್ಟಿ ಬರೆಯಲು ಕೂತಳು. ಐದಾರು ಜನ ಗೆಳತಿಯರನ್ನು ಕರೆದರೆ ಸಾಲದೇ ಎಂದರೆ ಕೇಳಲಿಲ್ಲ. ಕರೆದರೆ ಕ್ಲಾಸಿಗೆ ಕ್ಲಾಸೇ ಕರೆಯಬೇಕು, ಇಲ್ಲದಿದ್ದರೆ ಯಾರನ್ನೂ ಕರೆಯಬಾರದು ಎಂದು ಅವರ ಮಿಸ್ಸು ಹೇಳಿದ್ದಾರಂತೆ, ಬಿಟ್ಟ ಮಕ್ಕಳು ಅಳುತ್ತವೆ ಎಂದು. ಅದು ಸರಿಯಾದ ಮಾತೇ. ಎರಡನೇ ಕ್ಲಾಸಿನಲ್ಲಿ ಇವಳೂ ಸೇರಿ ಮೂವತ್ತಮೂರು ಮಕ್ಕಳು. ಹುಟ್ಟಿದ ದಿನ ಗುರುವಾರವಾದರೂ ಪಾರ್ಟಿ ಭಾನುವಾರವೇ, ಹದಿನಾರಕ್ಕೆ, ಅದೂ ಸಂಜೆ ನಾಲ್ಕೂವರೆಗೇ ಆಗಬೇಕು ಎಂದು ಹಟ ಹಿಡಿದಳು. ರಜೆಯ ದಿನ ಎಂದು ನಾವೂ ಒಪ್ಪಿಕೊಂಡೆವು. ಅವಳ ತಲೆಯಲ್ಲಿ ಏನಿತ್ತು ಎಂಬುದು ಆಗ ನಮಗೆ ತಿಳಿಯಲಿಲ್ಲ.

ಲೆಕ್ಕ ಹಾಕಿದ್ದು ನಾನು, ಶಿವಮಲ್ಲು ಮತ್ತು ಪುಟ್ಟಿ. ಆರು ಸಾವಿರದ ಮೇಲೆ ಒಂದು ರೂಪಾಯಿ ಕೂಡದು ಎಂದು ಮೊದಲೇ ಹೇಳಿದೆ. ಊಟದ ಲೆಕ್ಕ ನನಗೆ ಬಾಯಿಪಾಠ, ಒಂದು ಮಗುವಿಗೆ ನೂರು ಗ್ರಾಂ ಅಕ್ಕಿ. ಪಾರ್ಟಿ ಎಂದರೆ ಎರಡನೇ ಸಲ ಬಡಿಸಬೇಕು, ನಾಲ್ಕು ಕೆಜಿ ಇರಲಿ ಎಂದೆ. ತರಕಾರಿ ಪಲಾವು, ಮೊಸರುಬಜ್ಜಿ, ಕೇಸರಿಬಾತು. ತರಕಾರಿ ನಿನ್ನ ಗಂಡನ ಗಾಡಿಯಲ್ಲೇ ಬರುತ್ತದೆ, ಹಾಲು ನಮ್ಮದೇ. ಕೇಕಿಗೆ ಗುಂಡ್ಲುಪೇಟೆಯ ಮಲಯಾಳಿ ಬೇಕರಿಗೆ ನಾನೇ ಹೋದೆ. ಬೇಕರಿಯವನು ನನ್ನನ್ನು ಚೇಚಿ ಎಂದು ಕರೆದ. ಚೇಚಿ ಎಂದರೆ ಅಕ್ಕ ಎಂದು ಶಿವಮಲ್ಲು ಹೇಳಿದ ಮೇಲೆ ಖುಷಿಯಲ್ಲಿ ಚೌಕಾಸಿ ಮಾಡುವುದನ್ನೇ ಮರೆತುಬಿಟ್ಟೆ. ಬಲೂನು, ಮೇಣದ ಬತ್ತಿ, ಬಣ್ಣದ ಕಾಗದದ ಟೋಪಿ ಮೂವತ್ತಮೂರು. ಇದೆಲ್ಲ ಆಯಿತು ಎನ್ನುವಾಗ ರಿಟರ್ನ್ ಗಿಫ್ಟು ಅಂದಳು. ಬಂದು ಉಂಡು ಹೋಗುವವರಿಗೆ ನಾವೇ ಉಡುಗೊರೆ ಕೊಡಬೇಕಂತೆ. ನಮ್ಮ ಕಾಲದಲ್ಲಿ ಉಣ್ಣಲು ಬಂದವರು ಮುಯ್ಯಿ ಕೊಟ್ಟು ಹೋಗುತ್ತಿದ್ದರು, ಈಗ ಎಲ್ಲ ತಿರುವುಮುರುವು. ನಾನು ಒಂದು ಗಂಟೆ ಕೂಗಾಡಿ ಆಮೇಲೆ ಒಬ್ಬೊಬ್ಬರಿಗೆ ಒಂದು ಪೆನ್ಸಿಲು, ಒಂದು ರಬ್ಬರಿಗೆ ಒಪ್ಪಿದೆ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಕೆಟ್ಟದ್ದು ಕರೆಯುವುದರಲ್ಲಿ. ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜು ಹಾಕಿದರೆ ಮುಗಿಯಿತು, ಮಕ್ಕಳನ್ನು ಮಾತ್ರ ಕಳಿಸಿ ಎಂದು ಬರೆಯುತ್ತೇನೆ ಅಂದ ಶಿವಮಲ್ಲು. ಮೊಮ್ಮಗಳ ಮೊದಲ ದೊಡ್ಡ ಕಾರ್ಯ, ಮೊಬೈಲಿನಲ್ಲಿ ಕರೆಯುವುದೇ ಎಂದು ರೇಗಿದೆ. ಶನಿವಾರ ರಾಜ್ಯೋತ್ಸವದ ರಜೆ. ಅರಿಶಿನ ಕುಂಕುಮದ ಭರಣಿ ಹಿಡಿದು ಹೊರಟೆ. ಹೊಸಿಲಲ್ಲಿ ನಿಂತು ಕುಂಕುಮ ಕೊಟ್ಟ ಮೇಲೆ ಮಗುವನ್ನಷ್ಟೇ ಕಳಿಸಿ ಎನ್ನಲು ಯಾವ ಬಾಯಿ ಬರುತ್ತದೆ ಹೇಳು. ಮನೆ ಮಂದಿಯೆಲ್ಲ ಬರಬೇಕು ಎಂದು ನಾಲಿಗೆ ತಾನಾಗಿ ಹೇಳಿಬಿಟ್ಟಿತು. ಒಂಬತ್ತು ಮನೆ ಮುಗಿಯುವಷ್ಟರಲ್ಲಿ ಒಂಬತ್ತು ಮಕ್ಕಳು ಮೂವತ್ತೈದು ಜನವಾಗಿದ್ದರು. ಆದರೆ ನಾನು ಹೇಳಲು ಹೊರಟಿದ್ದು ಆ ಎಡವಟ್ಟಿನ ವಿಷಯವಲ್ಲ.

ಮೊದಲು ಹೋದದ್ದು ಸಣ್ಣತಾಯಮ್ಮನ ಮನೆಗೆ. ಹಿಟ್ಟಿನ ಮಿಲ್ಲಿನ ಎದುರು ಮನೆಯವಳು, ನಿನಗೆ ಗೊತ್ತಲ್ಲ, ಅವಳ ಮೊಮ್ಮಗಳು ಕ್ಲಾಸಿನಲ್ಲಿ ಪುಟ್ಟಿಯ ಪಕ್ಕದಲ್ಲೇ ಕೂರುತ್ತಾಳೆ, ಶಾಲೆಯಲ್ಲಿ ಪುಟ್ಟಿ ಎಲ್ಲರಿಗೂ ತೇಜಸ್ವಿನಿಯೇ. ಕುಂಕುಮ ಇಟ್ಟುಕೊಳ್ಳುತ್ತಾ ಸಣ್ಣತಾಯಮ್ಮ ಮೆತ್ತಗೆ ಕೇಳಿದಳು. “ಅಲ್ಲ ಕಣಕ್ಕ, ಸೊಸೆ ತವರಿಂದ ವಾಪಸ್ ಬತ್ತಾಳಾ, ಇಲ್ಲ ಹಂಗೇ ಬುಟ್ಬುಟ್ರಾ?” ನಾನು ಏನಾದರೂ ಹೇಳುವ ಮೊದಲೇ ಒಳಗಿನಿಂದ ಆ ಹುಡುಗಿ ಬಂದು ನಿಂತಳು. “ತೇಜಸ್ವಿನಿ ಸುಳ್ಳಿ ಅಜ್ಜಿ. ಅವ್ರಮ್ಮ ಪೊಲೀಸು ಅಂತಾಳೆ. ಅವ್ರಮ್ಮ ಮನೆ ಬುಟ್ಟೋಗವ್ಳೆ ಅಂತ ಕ್ಲಾಸಿಗೆಲ್ಲ ಗೊತ್ತು.” ರಂಜಿನಿ, ನಾನು ಭರಣಿಗೆ ಮುಚ್ಚಳ ಹಾಕಿ ಅಲ್ಲಿಂದ ಹೊರಟುಬಿಟ್ಟೆ. ಉಳಿದ ಎಂಟು ಮನೆಗಳಲ್ಲೂ ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಎಲ್ಲರ ಮುಖದಲ್ಲೂ ಅದೇ ಪ್ರಶ್ನೆಯಿತ್ತು.

ಆ ಸುದ್ದಿ ಹುಟ್ಟಿಸಿದವಳು ನಾನೇ. ಈ ಮಾತನ್ನು ನಿನ್ನ ಮುಖ ನೋಡಿ ಹೇಳುವ ಧೈರ್ಯ ನನಗಿಲ್ಲ, ಕಾಗದದಲ್ಲಿ ಹೇಳುತ್ತಿದ್ದೇನೆ. ಮೇ ತಿಂಗಳಲ್ಲಿ ನೀನು ಬಸ್ಸು ಹತ್ತಿದ ವಾರ, ಮಿಲ್ಲಿನ ಹತ್ತಿರ ಸಣ್ಣತಾಯಮ್ಮ ಸೊಸೆ ಎಲ್ಲಿ ಎಂದು ಕೇಳಿದಳು. ತವರಿಗೆ ಹೋಗಿದ್ದಾಳೆ, ಕುದೇರಿಗೆ, ಅಂದುಬಿಟ್ಟೆ. ಕೆಲಸ ಕೈಗೆ ಬರುವ ಮುಂಚೆ ಊರಿಗೆಲ್ಲ ಹೇಳಿದರೆ ಕಣ್ಣು ಬೀಳುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಸೊಸೆ ಪ್ಯಾಂಟು ಹಾಕಿಕೊಂಡು ಗಂಡಸರ ಥರ ಮೈದಾನದಲ್ಲಿ ಓಡುತ್ತಾಳೆ ಎಂದು ನಾಲ್ಕು ಜನ ಆಡಿಕೊಂಡಾರೆಂದು ನನಗೆ ನಾಚಿಕೆಯಾಗಿತ್ತು. ನೀನು ಓಡಲಾರದೆ ವಾಪಸ್ ಬಂದರೆ ಆಗಲೂ ನಗುತ್ತಾರೆ ಎಂಬ ಭಯ ಬೇರೆ. ಆರು ತಿಂಗಳು ತವರಿನಲ್ಲಿ ಕೂತ ಸೊಸೆಯನ್ನು ಊರು ಏನೆಂದುಕೊಳ್ಳುತ್ತದೆ ಎಂಬುದು ನನ್ನ ಮಂಕು ಬುದ್ಧಿಗೆ ಹೊಳೆಯಲೇ ಇಲ್ಲ. ಜೂನಿನಲ್ಲಿ ಶಾಲೆ ಶುರುವಾದ ದಿನವೇ ಪುಟ್ಟಿ ನಮ್ಮವ್ವ ಪೊಲೀಸ್ ಆಗಲು ಕಲಬುರಗಿಗೆ ಹೋಗಿದ್ದಾಳೆ ಎಂದು ಕ್ಲಾಸಿನಲ್ಲಿ ನಿಜ ಹೇಳಿದ್ದಾಳೆ. ನನ್ನ ಸುಳ್ಳಿನ ಮುಂದೆ ಅವಳ ನಿಜ ನಡೆಯಲಿಲ್ಲ.

ಶನಿವಾರ ಸಂಜೆ ಪುಟ್ಟಿ ಹಜಾರದಲ್ಲಿ ಕೂತು ಬಣ್ಣ ತುಂಬುತ್ತಿದ್ದಳು. ಪಕ್ಕದಲ್ಲಿ ಕೂತು, ನಿನ್ನನ್ನು ಸುಳ್ಳಿ ಅನ್ನುತ್ತಾರಂತಲ್ಲ, ನನ್ನ ಹತ್ತಿರ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಬಣ್ಣ ತುಂಬುವುದನ್ನು ನಿಲ್ಲಿಸದೆ ಅಂದಳು. “ನೀನೇ ಹಂಗೇಳಿದ್ದು ಅಂತ ಗೊತ್ತಾಯ್ತು ಅಜ್ಜಿ. ಆದ್ರೂ ನಾ ಯಾರ್ಗೂ ಹೇಳ್ನಿಲ್ಲ. ಆಮೇಲೆ ನಿನ್ನ ಸುಳ್ಳಿ ಅಂದಾರು.” ಏಳು ತುಂಬದ ಕೂಸು, ಐದು ತಿಂಗಳು ನನ್ನ ಮಾನ ಕಾಯ್ದುಕೊಂಡು ಕೂತಿದೆ. ನಾನು ಕೊಟ್ಟಿಗೆಗೆ ಹೋಗಿ ಹಸುವಿನ ಪಕ್ಕ ನಿಂತು ಅತ್ತುಬಿಟ್ಟೆ.

ಭಾನುವಾರ ಬೆಳಿಗ್ಗೆ ಶಿವಮಲ್ಲುವಿನ ಗಾಡಿ ಹತ್ತಿ ಹೊರಟೆ. ಶನಿವಾರ ಕರೆದ ಒಂಬತ್ತು ಮನೆಗೆ ಎರಡನೇ ಸಲ, ಉಳಿದ ಇಪ್ಪತ್ತಮೂರಕ್ಕೆ ಮೊದಲ ಸಲ. ಪ್ರತಿ ಹೊಸಿಲಲ್ಲೂ ಕುಂಕುಮ ಕೊಡುವ ಮುಂಚೆ ಹೇಳಿದೆ, ನನ್ನ ಸೊಸೆ ತವರಿನಲ್ಲಿಲ್ಲ, ಕಲಬುರಗಿಯಲ್ಲಿ ಪೊಲೀಸ್ ಟ್ರೈನಿಂಗಿನಲ್ಲಿದ್ದಾಳೆ, ಮೊದಲು ನಾನು ಹೇಳಿದ್ದು ಸುಳ್ಳು, ನಮ್ಮ ಪುಟ್ಟಿ ಹೇಳಿದ್ದೇ ನಿಜ ಎಂದು. ಖಾಕಿ ತೊಟ್ಟು ಟೋಪಿ ಹಾಕಿ ನಿಂತ ನಿನ್ನ ಫೋಟೋ ಇದ್ದ ಫೋನನ್ನು ಸಾಕ್ಷಿಗೆ ಹಿಡಿದುಕೊಂಡಿದ್ದೆ. ಕೆಲವರು ನಕ್ಕರು, ನಗಲಿ. ಸಣ್ಣತಾಯಮ್ಮ ಮಾತ್ರ ನನ್ನ ಕೈ ಹಿಡಿದುಕೊಂಡು ಮೊಮ್ಮಗಳನ್ನು ಕರೆದು ನಾಳೆ ತೇಜಸ್ವಿನಿಯ ಹತ್ತಿರ ತಪ್ಪಾಯಿತು ಅನ್ನು ಎಂದಳು. ಮಿಲ್ಲಿನ ಮಾದಣ್ಣ ತನ್ನ ಮಗಳಿಗೂ ಅರ್ಜಿ ಹಾಕಿಸಬೇಕು, ಎತ್ತರ ಎಷ್ಟಿರಬೇಕು ಎಂದು ಕೇಳಿದ. ನನಗೇನು ಗೊತ್ತು, ನನ್ನ ಸೊಸೆಯಷ್ಟು ಅಂದೆ.

ಈಗ ಬರುವವರು ನೂರಹತ್ತು ಜನ. ಆರು ಸಾವಿರದ ಲೆಕ್ಕವನ್ನು ಬಿಟ್ಟುಬಿಟ್ಟಿದ್ದೇನೆ. ಹದಿನೈದು ಕೆಜಿ ಅಕ್ಕಿ ಮಾದಣ್ಣ ಕೊಡುತ್ತೇನೆ ಅಂದಿದ್ದಾನೆ, ದೊಡ್ಡ ಪಾತ್ರೆ ಸಮುದಾಯ ಭವನದಿಂದ ಬರುತ್ತವೆ, ಮೇಲಿನ ಖರ್ಚಿಗೆ ನಾನು ಡೈರಿಗೆ ಹಾಲು ಹಾಕಿದ ದುಡ್ಡಿದೆ. ಇನ್ನೂರು ಮಕ್ಕಳಿಗೆ ಬೇಯಿಸಿದವಳಿಗೆ ನೂರಹತ್ತು ಯಾವ ಲೆಕ್ಕ. ನಿನ್ನ ಮಾವ ಶಾಮಿಯಾನ ಹಾಕಿಸುತ್ತೇನೆ ಎಂದು ಕುಣಿಯುತ್ತಿದ್ದಾರೆ, ಮಂಡಿ ನೋವು ಎಲ್ಲಿ ಹೋಯಿತೋ. ಹೀಗೆ ಮೂವತ್ತೆರಡು ಮನೆ ತಿರುಗಿ, ಮೂರೂಮುಕ್ಕಾಲಿಗೆ ಬಂದು ಕಾಲು ಚಾಚಿ ಕೂತಿದ್ದೆ ಕಣವ್ವ, ನಾಲ್ಕು ದಾಟಿದ ಮೇಲೆ ನಿನ್ನ ಫೋನು ಬಂತು. ವಾಪಸ್ ಬರುತ್ತೇನೆ ಎಂದೆ. ನಾನು ಯಾಕೆ ಕಟ್ ಮಾಡಿದೆ ಎಂದು ಈಗ ತಿಳಿಯಿತೆ? ಪುಟ್ಟಿ ಹಿತ್ತಲಿಂದ ಓಡಿ ಬಂದು ಅವ್ವ ಏನಂದಳು ಎಂದು ಕೇಳಿದಳು. ಸಿಗ್ನಲ್ ಹೋಯಿತು ಅಂದೆ. ನನ್ನ ಲೆಕ್ಕದಲ್ಲಿ ಆ ಒಂದು ಸುಳ್ಳು ಮಾತ್ರ ಉಳಿದಿದೆ.

ನೀನಿಲ್ಲದೆ ಈ ಮನೆಯಲ್ಲಿ ನನಗೂ ಬೇಜಾರೇ. ನನ್ನ ಜೊತೆ ಜಗಳವಾಡಿ, ಆಮೇಲೆ ಬಂದು ತಲೆ ಬಾಚಿಕೊಡುವವರು ಯಾರಿದ್ದಾರೆ? ಹೊಟ್ಟೆ ತುಂಬ ಉಣ್ಣು. ಮಾದಪ್ಪಸ್ವಾಮಿ ನಿನ್ನ ಕಾಲಿಗೆ ಬಲ ಕೊಡಲಿ. ಜೊತೆಯ ಹುಡುಗಿಯರಿಗೆಲ್ಲ ಬೇಗೂರಿನ ಅತ್ತೆ ಕೇಳಿದಳು ಎಂದು ಹೇಳು.

ನಿನ್ನ ಅತ್ತೆ,
ಚಿಕ್ಕಮಲ್ಲಮ್ಮ

ತಾ.ಕ.: ಶಿವಮಲ್ಲು ಹೊರಗೆ ಹಾರನ್ ಹೊಡೆಯುತ್ತಿದ್ದಾನೆ, ಸ್ಪೀಡ್ ಪೋಸ್ಟು ಮಾಡಿಬರುತ್ತಾನೆ. ಮುಖ್ಯವಾದದ್ದೇ ಉಳಿಯಿತು. ಹದಿಮೂರಕ್ಕೆ ಬರಬೇಡ. ಕಾಲು ನಿಜವಾಗಿ ನಡೆಯದೆ ಹೋದರೆ ಬಾ, ಬಾಗಿಲು ತೆಗೆದೇ ಇರುತ್ತದೆ, ಮೂವತ್ತೆರಡು ಮನೆಗೂ ಮೂರನೇ ಸಲ ಹೋಗಿ ನನ್ನ ಸೊಸೆ ಬಂದಳು ಎಂದು ತಲೆಯೆತ್ತಿ ಹೇಳುತ್ತೇನೆ, ನನಗೀಗ ಯಾವ ನಾಚಿಕೆಯೂ ಇಲ್ಲ. ಆದರೆ ಮಗಳ ಹುಟ್ಟಿದ ದಿನಕ್ಕೆಂದು ಬಿಟ್ಟು ಬರಬೇಡ. ಭಾನುವಾರ ನಾಲ್ಕೂವರೆ ಯಾಕೆ ಎಂದು ಪುಟ್ಟಿ ನಿನ್ನೆ ಬಾಯಿಬಿಟ್ಟಳು, ಅದು ನಿನ್ನ ಫೋನಿನ ಹೊತ್ತು. ನಿಮ್ಮ ಮೇಡಂ ಅವರನ್ನು ಕೇಳಿಕೊಂಡು ಆ ಹೊತ್ತಿಗೆ ಯೂನಿಫಾರ್ಮಿನಲ್ಲೇ ವಿಡಿಯೋ ಕಾಲ್ ಮಾಡು, ನಿನ್ನ ಮುಖ ಕಾಣುವವರೆಗೆ ಕೇಕು ಮುಟ್ಟುವುದಿಲ್ಲವಂತೆ. ನಮ್ಮ ಪಟ್ಟಿಯಲ್ಲಿ ಟೋಪಿ ಮೂವತ್ತಮೂರು ಇದ್ದದ್ದನ್ನು ಹೊಡೆದುಹಾಕಿ ಮೂವತ್ತೆರಡು ಮಾಡಿದ್ದಾಳೆ. ನಿನಗೆ ಬೇಡವೇನೇ ಎಂದು ಕೇಳಿದ್ದಕ್ಕೆ, “ನಂದು ಅವ್ವನ ತಲೇಲಿರ್ತದಲ್ಲ ಅಜ್ಜಿ” ಅಂದಳು.