ಬೇಲಿಯಾಚೆಯ ಮಾವು

ಎಣ್ಣೆ ಕಂಪನಿಯ ಶಿಬಿರ, ಕಬಿಂಡಾ

ಪ್ರೀತಿಯ ಅಕ್ಕ,

ಸಕಲ ಸಂತರ ಸಾಕ್ಷಿಯಾಗಿ ಒಪ್ಪಿಕೊಳ್ಳುತ್ತೇನೆ: ನಿನ್ನ ತಮ್ಮ ಒಂದು ಮಾವಿನಹಣ್ಣು ಕದ್ದಿದ್ದಾನೆ. ಮರವಿರುವುದು ಬೇಲಿಯಾಚೆ, ಬಂಡುಕೋರರು ನುಗ್ಗದಿರಲೆಂದು ಅಲ್ಲಿ ನೆಲದ ತುಂಬ ಬಾಂಬು ಬಿತ್ತಿದ್ದಾರೆ. ಎಣ್ಣೆ ಬಾವಿಗಳು ಅಮೆರಿಕದವರವು, ಬಂಡುಕೋರರ ಬಂದೂಕೂ ಅಮೆರಿಕದ್ದೇ, ನಡುವೆ ಕಾವಲು ನಿಂತವರು ಕ್ಯೂಬಾದವರು. ಕಂಪನಿಗೂ ಕಾವಲಿನವರಿಗೂ ಮಾತು ಕೂಡಿಸುವ ದುಭಾಷಿ ನಾನು.

ನಾವೆಲ್ಲ ಅತ್ತೆ ಎನ್ನುವ ಅಡುಗೆಯ ಫೆಲಿಜಾರ್ದಾ, "ಎಲ್ಲಿಂದ ತಂದ್ಯೋ, ಕಾಲೇಜು ಪಂಡಿತ?" ಅಂದಳು.

"ಮರದ ಬುಡಕ್ಕೇ ಹೋಗಿ ಕಿತ್ತೆ" ಎಂದು ಎದೆಯುಬ್ಬಿಸಿದೆ.

"ಹೋದ ವಾರ ಅಲ್ಲೇ ಮೇಕೆ ಚೂರುಚೂರಾಯ್ತು. ನಿಂಗೆ ಮೇಕೆಗಿಂತ ಬುದ್ಧಿ ಕಮ್ಮಿ, ಅದೃಷ್ಟ ಜಾಸ್ತಿ!"

ಸುದ್ದಿ ಕ್ಯೂಬಾದ ಸಾರ್ಜೆಂಟ್ ಎವೆಲಿಯೊನ ಕಿವಿಗೆ ಬಿತ್ತು. ಬಂದವನೇ ಬೆನ್ನು ತಟ್ಟಿದ: "ಮಳೆಗೆ ಬಾಂಬೆಲ್ಲ ಜಾರ್ಬಿಟ್ಟಿವೆ, ನಮ್ಮ ನಕ್ಷೆ ಕೆಲ್ಸಕ್ಕೆ ಬರಲ್ಲ. ಕಂಪನಿಯೋರಿಗೆ ನಾಳೇನೇ ಅಲ್ಲಿ ಕೊಳವೆ ಹಾಕ್ಬೇಕಂತೆ. ದಾರಿ ಗೊತ್ತಿರೋನು ನೀನೊಬ್ನೇ ತಮ್ಮಾ, ಮುಂದೆ ನಡಿ."

ಅಕ್ಕ, ಆಗಿನಿಂದ ಬಾಗಿಲು ಹಾಕಿಕೊಂಡು ಈ ಕಾಗದ ಬರೆಯುತ್ತ ಕೂತಿದ್ದೇನೆ. ವಿಮಾನದಲ್ಲಿ ನಿನಗೆ ಎರಡು ಪೆಟ್ಟಿಗೆ ಬಿಯರ್ ಕಳಿಸಿದ್ದೇನೆ. ನಿಮ್ಮ ಲುವಾಂಡಾ ಸಂತೆಯಲ್ಲಿ ನಮ್ಮ ದೇಶದ ನೋಟಿಗಿಂತ ಅದಕ್ಕೇ ಬೆಲೆ. ಕಂಪನಿಗೆ ನೆಲದ ಎಣ್ಣೆ, ನಮಗೆ ಡಬ್ಬಿಯ ಎಣ್ಣೆ.

ಎಲ್ಲರೂ ಊಟಕ್ಕೆ ಕೂತಿದ್ದಾರೆ. ಜೀವ ಬೇಕಿದ್ದರೆ ಈಗಲೇ ಹೋಗಿ ಅವರೆಲ್ಲರ ಎದುರು ಸಾರ್ಜೆಂಟನಿಗೆ ನಿಜ ಹೇಳಬೇಕು. ಅಭ್ಯಾಸಕ್ಕೆಂದು ಮೊದಲು ನಿನಗೆ ಹೇಳುತ್ತೇನೆ: ಹಣ್ಣನ್ನು ಕೋತಿ ಎಸೆದಿತ್ತು. ಬೇಲಿಯ ಈಚೆ, ಡಾಂಬರು ರಸ್ತೆಯ ಮೇಲೆ ಬಿದ್ದಿತ್ತು. ಅಲ್ಲಿಂದಲೂ ಕೈಯಲ್ಲಿ ಎತ್ತಿಕೊಳ್ಳಲು ಹೆದರಿ, ಅತ್ತೆಯ ಉದ್ದ ಪೊರಕೆಯಿಂದ ಎಳೆದುಕೊಂಡೆ.

ನಿನ್ನ ತಮ್ಮ
ಜೆರ್ವಾಸಿಯೊ