ಹಿಂದಿನ ಓಣಿಯ ಬಾಗಿಲು

ಗದಗ, ಫೆಬ್ರವರಿ ಮೂವತ್ತು, ೨೨೯೧

ಪೂಜ್ಯ ಗುರುಶಾಂತಜ್ಜನವರಿಗೆ, ನಿಮ್ಮ ಮರಿಮಗನ ಮರಿಮಗಳು ಮುಗಿಲವ್ವನ ನಮಸ್ಕಾರ.

ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಪತ್ರದಲ್ಲಿ ನಾನು ಕೇಳುವ ಕ್ಷಮೆ ಅದೊಂದೇ.

ನಮ್ಮ ಅಡುಗೆಮನೆಗಳಲ್ಲಿ ದನಿಗೂಡು ಎಂಬುದಿರುತ್ತದೆ. ಹಿರಿಯರು ಆಡಿದ ಮಾತನ್ನು ಹಳೆಯ ಮನೆಯ ಗೋಡೆಗಳಿಂದ ಬಿಡಿಸಿ ಅದರಲ್ಲಿ ಇಟ್ಟಿರುತ್ತಾರೆ. ರೊಟ್ಟಿ ಬಡಿಯುತ್ತ ಕೇಳುತ್ತೇವೆ. ನಮ್ಮ ಮನೆಯಲ್ಲಿ ನಿಮ್ಮದೇ ದನಿ. ಮುನಿಸು ಮರೆಯುವ ಬಗ್ಗೆ ಊರೂರಿನಲ್ಲಿ ಮಾಡಲೆಂದು ನೀವು ಮನೆಯಲ್ಲಿ ಅಭ್ಯಾಸ ಮಾಡಿದ ಭಾಷಣ ನನಗೆ ಬಾಯಿಪಾಠ: ಮಾತು ಬಿಟ್ಟವರ ಮನೆಗೆ ನೀವೇ ಹೋಗಿ, ಸಮಜಾಯಿಷಿ ಕೊಡಬೇಡಿ, ಬಾಗಿಲಲ್ಲಿ ನಿಂತು ಕರೆಯಿರಿ, ಸಾಕು. ನಮ್ಮ ಕಾಲದಲ್ಲಿ ತಾನು ಮಾಡಿರದ ಕೆಲಸವನ್ನು ಯಾರೂ ಇನ್ನೊಬ್ಬರಿಗೆ ಹೇಳಿಕೊಡುವಂತಿಲ್ಲ. ಉಪ್ಪಿನಕಾಯಿ ಕಲಿಸುವವಳು ಮೊದಲು ತನ್ನ ಜಾಡಿ ತಂದು ರುಚಿ ತೋರಿಸಬೇಕು. ಹಾಗಾಗಿ ನೀವು ಹೇಳಿದ್ದೆಲ್ಲ ಮಾಡಿದ್ದೇ ಎಂದು ನಂಬಿದೆವು. ಅನುಮಾನ ಪಡಬಹುದೆಂದೇ ನಮಗೆ ಹೊಳೆಯಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ನನ್ನ ಅಕ್ಕ ಹೊನ್ನವ್ವ ನನ್ನೊಡನೆ ಮಾತು ಬಿಟ್ಟಳು. ನೀವು ಹೇಳಿದಂತೆಯೇ ಅವಳ ಮನೆಗೆ ಹೋದೆ. ನಮ್ಮ ಬಾಗಿಲುಗಳಿಗೆ ಉಸಿರುಗದ ಎನ್ನುತ್ತೇವೆ. ಹೊರಗೆ ನಿಂತವರನ್ನು ಉಸಿರಿನಿಂದಲೇ ಗುರುತು ಹಿಡಿದು ಒಳಗಿನವರಿಗೆ ತಿಳಿಸುತ್ತವೆ. ಬಂದವಳು ನಾನೆಂದು ಅವಳಿಗೆ ಗೊತ್ತಿತ್ತು. ಅಕ್ಕಾ ಎಂದು ಕರೆದೆ. ಒಳಗೆ ಒಗ್ಗರಣೆ ಚಟಪಟ ಎನ್ನುತ್ತಿತ್ತು. ಬಾಗಿಲು ತೆರೆಯಲಿಲ್ಲ. ಮುಂದೇನು ಮಾಡಬೇಕೆಂದು ನೀವು ಹೇಳಿರಲೇ ಇಲ್ಲ.

ಬೇರೆಲ್ಲಾದರೂ ಹೇಳಿರಬಹುದೆಂದು ದನಿಗೂಡನ್ನೆಲ್ಲ ಜಾಲಾಡಿದೆ. ಸಿಕ್ಕಿದ್ದು ನಿಮ್ಮ ಹೆಂಡತಿ ಪಾರ್ವತವ್ವನ ದನಿ: “ಊರ ಮಂದಿಗೆಲ್ಲಾ ಹೇಳ್ತೀರಿ. ನಿಮ್ಮ ತಮ್ಮ ಚನ್ನವೀರನ ಮನಿ ಹಿಂದಿನ ಓಣ್ಯಾಗ ಐತಿ. ಒಮ್ಮೆರೆ ಹೋಗಿ ಬರ್ರಿ.” ಅದಕ್ಕೆ ನೀವು, “ನೋಡೂಣ ತಗೋ” ಎಂದಿರಿ. ಮುಂದಿನ ವರ್ಷಗಳಲ್ಲೆಲ್ಲ ಅವಳು ಅದನ್ನೇ ಕೇಳಿದಳು, ನೀವು ಅದನ್ನೇ ಹೇಳಿದಿರಿ. ಕೊನೆಗೆ ಅವಳು ಕೇಳುವುದನ್ನೇ ಬಿಟ್ಟಳು.

ನಂಬಿಸಿ ಕೈಕೊಟ್ಟಿರಿ, ಅಜ್ಜ. ನನಗೆ ಸಿಟ್ಟಿಗಿಂತ ಅವಮಾನವೇ ಹೆಚ್ಚು. ನಿಮ್ಮ ಮಾತು ಸುಳ್ಳಲ್ಲ. ಆದರೆ ಅದು ಹೊಸ್ತಿಲವರೆಗಷ್ಟೇ ಬರುತ್ತದೆ. ಯಾರ ಬಾಗಿಲಲ್ಲೂ ನಿಂತಿರದ ನಿಮಗೆ ಅದಕ್ಕಿಂತ ಮುಂದಿನದು ಹೇಗೆ ಗೊತ್ತಿರಬೇಕು?

ಈ ಪತ್ರ ನಿಮ್ಮ ಕೈ ಸೇರುವಾಗ ಚನ್ನವೀರಜ್ಜ ಇನ್ನೂ ಬದುಕಿರುತ್ತಾರೆ. ಇವತ್ತಿನ ಭಾಷಣ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಓಣಿಗೆ ಹೋಗಿ. ಅವರು ಬಾಗಿಲು ತೆರೆಯದಿದ್ದರೆ ನೀವೇನು ಮಾಡಿದಿರೆಂದು ಮನೆಗೆ ಬಂದು ಪಾರ್ವತವ್ವನಿಗೆ ಗಟ್ಟಿಯಾಗಿ ಹೇಳಿ, ಗೋಡೆಗೂ ಕೇಳಿಸಲಿ. ನಾಳೆ ರೊಟ್ಟಿ ಬಡಿಯುವಾಗ ಕಿವಿಗೊಟ್ಟು ಕಾಯುತ್ತಿರುತ್ತೇನೆ. ಅಕ್ಕನ ಬಾಗಿಲು ಇನ್ನೂ ಮುಚ್ಚಿದೆ.